ಐಪಿ 65 ಬಾಕ್ಸ್, ಆದರೂ ಒಳಗೆ ಬೊಗಸೆ ನೀರು: ಪಂಪ್‌ಹೌಸ್ ಪ್ಯಾನೆಲ್‌ಗೆ ಕೇಬಲ್ ಎಲ್ಲಿಂದ ಒಳಗೆ ತರಬೇಕು?

ಹಳ್ಳದಬದಿ (ಮೂಡಿಗೆರೆ) | ಮೇ 11

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಟ್ಟಿಗೆಹಾರದ ಹತ್ತಿರ ಸಣ್ಣ ಕಾಫಿ ತೋಟ. ಹಳ್ಳದ ಪಕ್ಕ ಪಂಪ್‌ಹೌಸ್ ಇದೆ. ಪಂಪ್‌ಹೌಸ್ ಅಂದರೆ ಮೂರು ಗೋಡೆ, ಮೇಲೊಂದು ಶೀಟು, ಅಷ್ಟೇ. ಒಂದು ಕಡೆ ಪೂರಾ ಬಯಲು. ಎರಡು ವರ್ಷದ ಹಿಂದೆ ಅಲ್ಲಿಗೆ ಹೊಸ ಪ್ಯಾನೆಲ್ ಹಾಕಿಸಿದೆ. ಬೋರ್‌ವೆಲ್‌ನ 10 ಎಚ್‌ಪಿ ಸಬ್‌ಮರ್ಸಿಬಲ್‌ಗೆ ಸ್ಟಾರ್ ಡೆಲ್ಟಾ ಸ್ಟಾರ್ಟರ್, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೋಟಾರಿಗೆ ಇನ್ನೊಂದು ಸ್ಟಾರ್ಟರ್, ಟ್ಯಾಂಕಿನ ನೀರಿನ ಮಟ್ಟ ನೋಡುವ ಒಂದು ಸೆನ್ಸರ್.

ಬಾಕ್ಸ್ ಒಳ್ಳೆಯದೇ ತಂದಿದ್ದೆ. ದಪ್ಪ ಕಬ್ಬಿಣದ್ದು, ಬಾಗಿಲಿಗೆ ರಬ್ಬರ್ ಗ್ಯಾಸ್ಕೆಟ್ ಇದೆ, ಐಪಿ 65 (ಧೂಳು, ನೀರು ತಡೆಯುವ ಮಟ್ಟದ ಗುರುತು) ಅಂತ ಚೀಟಿಯೂ ಅಂಟಿಸಿದ್ದಾರೆ. ಮಳೆಗಾಲದಲ್ಲಿ ನಮಗೆ ಮೋಟಾರ್ ಬೇಕಿಲ್ಲ. ಜೂನ್‌ನಲ್ಲಿ ಮೇನ್ ಆಫ್ ಮಾಡಿ ಬೀಗ ಹಾಕಿದೆ. ನವೆಂಬರ್‌ನಲ್ಲಿ ಪಲ್ಪಿಂಗ್ ಶುರು ಮಾಡೋಣ ಅಂತ ತೆಗೆದರೆ ಕೆಳಗೆ ಬೊಗಸೆ ತುಂಬ ನೀರು. ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ತುಕ್ಕು ಹಿಡಿದು ಅಂಟಿಕೊಂಡಿತ್ತು. ರಿಲೇ ಟರ್ಮಿನಲ್ ಹಸಿರಾಗಿತ್ತು. ಹಣ್ಣು ಕಣದಲ್ಲಿ, ನಾನು ಬಿಡಿಭಾಗ ಹುಡುಕಿಕೊಂಡು ಚಿಕ್ಕಮಗಳೂರಿನಲ್ಲಿ.

ಕೇಬಲ್ ಎಲ್ಲಾ ಮೇಲಿನಿಂದ ಫ್ಲೆಕ್ಸಿಬಲ್ ಪೈಪಿನಲ್ಲಿ ಬಂದಿವೆ. ಪೈಪ್ ಸೇರುವ ಕಡೆ ಎಂ-ಸೀಲ್ ಮೆತ್ತಿದ್ದಾರೆ. ಎಲ್ಲೂ ಬಿರುಕು ಕಾಣುತ್ತಿಲ್ಲ. ಮತ್ತೆ ನೀರು ಎಲ್ಲಿಂದ ಬಂತು? ಈ ಸಲ ಮಳೆ ಹಿಡಿಯುವ ಮೊದಲು ಸರಿ ಮಾಡಿಸಬೇಕು. ತೂತಿನಲ್ಲಿ ಕೇಬಲನ್ನು ಬಿಗಿದು ಹಿಡಿಯುವ ಗ್ಲ್ಯಾಂಡ್ ಹಾಕಿಸಲಾ, ರಬ್ಬರ್ ಗ್ರೊಮೆಟ್ (ಉಂಗುರ) ಸಾಕಾ, ಅಥವಾ ಈಗ ಬಂದಿರುವ ಫ್ರೇಮ್ ಥರದ್ದು ಹಾಕಿಸಲಾ? ಗೊತ್ತಿದ್ದವರು ಹೇಳಿ.

ಬಸ್‌ಬಾರ್ (ಹಾಸನ) | ಮೇ 11

ಸಾರ್, ನಾನು ಹಾಸನದಲ್ಲಿ ಪ್ಯಾನೆಲ್ ಕಟ್ಟುವವನು. ಈ ದೂರು ವರ್ಷಕ್ಕೆ ನಾಲ್ಕೈದು ಸಲವಾದರೂ ನಮ್ಮ ಬೆಂಚಿಗೆ ಬರುತ್ತದೆ.

ಐಪಿ 65 ಅನ್ನುವುದು ತೂತು ಕೊರೆಯದ ಬಾಕ್ಸಿಗೆ ಸಿಕ್ಕ ಮಾರ್ಕು. ಡ್ರಿಲ್ ಮುಟ್ಟಿಸಿದ ತಕ್ಷಣ ಅದು ಹೋಯಿತು. ಆ ತೂತಿಗೆ ಹಾಕುವ ಸಾಮಾನಿಗೂ ಅಷ್ಟೇ ಮಾರ್ಕು ಇದ್ದು, ಅದನ್ನು ಸರಿಯಾಗಿ ಬಿಗಿದರೆ ಮಾತ್ರ ವಾಪಸ್ ಬರುತ್ತದೆ. ಮೊದಲ ಅಂಕಿ 6 ಅಂದರೆ ಧೂಳು ಒಳಗೆ ಬರುವುದಿಲ್ಲ. ಎರಡನೇ ಅಂಕಿ 5 ಅಂದರೆ ಪೈಪಿನಿಂದ ನೀರು ಹೊಡೆದರೂ ತಡೆಯುತ್ತದೆ. ಆ ಪರೀಕ್ಷೆಯಲ್ಲಿ 6.3 ಮಿ.ಮೀ. ಬಾಯಿಯ ನಳಿಗೆಯಿಂದ ನಿಮಿಷಕ್ಕೆ 12.5 ಲೀಟರ್ ನೀರನ್ನು ಕನಿಷ್ಠ 3 ನಿಮಿಷ ಹೊಡೆಯುತ್ತಾರೆ. ಅವರದು ನಿಮಿಷದ ಲೆಕ್ಕ, ನಿಮ್ಮ ಕೊಟ್ಟಿಗೆಹಾರದ್ದು ತಿಂಗಳ ಲೆಕ್ಕ.

ಗ್ಲ್ಯಾಂಡೋ ಫ್ರೇಮೋ ಅಂತ ಈಗಲೇ ಹೇಳುವುದಿಲ್ಲ. ಮೊದಲು ವರ್ನಿಯರ್ ಹಿಡಿದು ಪ್ರತಿ ಕೇಬಲ್‌ನ ಹೊರಗಿನ ಅಳತೆ ಬರೆದು ಹಾಕಿ. ಒಳಗಿನ ತಂತಿಯ ಸ್ಕ್ವೇರ್ ಎಂಎಂ ಅಲ್ಲ, ಹೊರಗಿನ ದಪ್ಪ. ಇವೆರಡನ್ನೂ ಒಂದೇ ಅಂದುಕೊಂಡು ಅಂಗಡಿಗೆ ಹೋಗುವವರೇ ಜಾಸ್ತಿ. ಕೇಬಲ್ ದುಂಡಗಿದೆಯಾ ಚಪ್ಪಟೆಯಾ ಅದನ್ನೂ ಹೇಳಿ. ಬಾಕ್ಸಿನ ಕೆಳಗೆ ಬಿಚ್ಚುವ ಗ್ಲ್ಯಾಂಡ್ ಪ್ಲೇಟ್ ಇದೆಯಾ?

ತೆಂಗಿನಗರಿ (ಅರಸೀಕೆರೆ) | ಮೇ 11

ನಮ್ಮ ಕಡೆ ಮರದ ಹಲಗೆ ಮೇಲೆ ಸ್ಟಾರ್ಟರ್, ಅದರ ಮೇಲೆ ಒಂದು ಹಳೇ ತಗಡಿನ ಡಬ್ಬ. ಹದಿನೈದು ವರ್ಷದಿಂದ ಓಡುತ್ತಿದೆ. ನಿಮಗೆ ನೀರಿನ ಕಾಟ, ನಮಗೆ ಹಲ್ಲಿ ಕಾಟ. ಎರಡು ಫೇಸ್ ನಡುವೆ ಹಲ್ಲಿ ಕೂತರೆ ಢಂ ಅನ್ನುತ್ತೆ, ಅವತ್ತು ತೆಂಗಿಗೆ ನೀರಿಲ್ಲ.

ಹಳ್ಳದಬದಿ (ಮೂಡಿಗೆರೆ) | ಮೇ 13

ಬಸ್‌ಬಾರ್ ಅವರೇ, ಅಳೆದೆ. ಒಳಗೆ ಬರುವ ಮೇನ್ ಕೇಬಲ್ 4 ಕೋರ್ 16 ಸ್ಕ್ವೇರ್ ಅಲ್ಯೂಮಿನಿಯಂ, ಆರ್ಮರ್ಡ್ (ಸಿಪ್ಪೆಯೊಳಗೆ ಲೋಹದ ಕವಚ ಇರುವುದು), ಹೊರಗಿನ ದಪ್ಪ 21 ಮಿ.ಮೀ. ಪಲ್ಪರ್ ಕೇಬಲ್ ದುಂಡಗೆ 11. ಸೆನ್ಸರ್ ವೈರ್ 6. ಬೋರ್‌ವೆಲ್‌ದು ಎರಡು ಚಪ್ಪಟೆ ಕೇಬಲ್, ಒಂದೊಂದೂ 16ಕ್ಕೆ 7.

ಕೆಳಗೆ ಪ್ಲೇಟ್ ಇದೆ, ಆರು ಸ್ಕ್ರೂ. ಇಷ್ಟು ದಿನ ಅದನ್ನು ಯಾರೂ ಮುಟ್ಟೇ ಇಲ್ಲ. ಮೇಲೆ ಕೊರೆಯುವುದು ಸುಲಭ ಅಂತ ಮೇಲೆ ಕೊರೆದಿದ್ದಾರೆ.

ಘಾಟಿವೈರ್ (ಸಕಲೇಶಪುರ) | ಮೇ 13

ಮೇಲೆ ಕೊರೆದಿದ್ದೇ ತಪ್ಪು ಮಾರಾಯ್ರೆ. ಎಂ-ಸೀಲ್ ನೋಡಿ ಏನು ಪ್ರಯೋಜನ? ನೀರು ಎಂ-ಸೀಲ್ ಕಡೆಯಿಂದ ಬಂದಿಲ್ಲ. ಪೈಪಿನ ಒಳಗಿನಿಂದ ಬಂದಿದೆ. ಆ ಫ್ಲೆಕ್ಸಿಬಲ್ ಪೈಪಿನ ಇನ್ನೊಂದು ತುದಿ ಎಲ್ಲಿದೆ ನೋಡಿ. ಸೂರಿನ ಕೆಳಗೆ ಬಾಯಿ ತೆರೆದುಕೊಂಡು ಇರುತ್ತದೆ. ಗಾಳಿಮಳೆಗೆ ಅದರೊಳಗೆ ನೀರು ಹೋಗಿ, ಕೇಬಲ್ ಹಿಡಿದುಕೊಂಡು ನೇರ ನಿಮ್ಮ ಪ್ಯಾನೆಲ್‌ಗೆ ಇಳಿದಿದೆ. ನೀವು ಪ್ಯಾನೆಲ್‌ಗೆ ದೋಣಿ ಕಟ್ಟಿಕೊಟ್ಟಿದ್ದೀರಿ, ಸೂರಿಗೆ ಕಟ್ಟುತ್ತೇವಲ್ಲ ಅಡಿಕೆ ದಬ್ಬೆಯ ದೋಣಿ, ಹಾಗೆ.

ಈ ಕಡೆ ತೋಟಗಳಲ್ಲಿ 20 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೇಬಲ್ ಯಾವತ್ತೂ ಕೆಳಗಿನಿಂದಲೇ ಬರಬೇಕು. ಬರುವ ಮೊದಲು ಪ್ಯಾನೆಲ್‌ಗಿಂತ ಒಂದು ಗೇಣು ಕೆಳಕ್ಕೆ ಇಳಿದು, ತೊಟ್ಟಿಲ ಹಾಗೆ ಬಾಗಿ, ಆಮೇಲೆ ಮೇಲಕ್ಕೆ ಹತ್ತಬೇಕು. ಆಗ ಕೇಬಲ್ ಮೇಲೆ ಹರಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಆದರೆ ದಪ್ಪ ಆರ್ಮರ್ಡ್ ಕೇಬಲನ್ನು ಹಾಗೆ ಮುರಿದು ಬಗ್ಗಿಸಬೇಡಿ. ಅದರ ದಪ್ಪದ ಹನ್ನೆರಡು ಪಟ್ಟಾದರೂ ಬಾಗಿನ ತ್ರಿಜ್ಯ ಇರಲಿ. ನಿಮ್ಮ 21 ಮಿ.ಮೀ. ಕೇಬಲ್‌ಗೆ ಸುಮಾರು 25 ಸೆಂ.ಮೀ. ಆಯಿತು.

ಹಳ್ಳದಬದಿ (ಮೂಡಿಗೆರೆ) | ಮೇ 13

ಅಣ್ಣಾ, ಈಗಷ್ಟೇ ಹೋಗಿ ಟಾರ್ಚ್ ಬಿಟ್ಟು ನೋಡಿದೆ. ಪೈಪಿನ ಬಾಯಿ ಶೀಟಿನ ಅಂಚಿಗೇ ಇದೆ. ಒಳಗೆ ಎಲೆ, ಮಣ್ಣು, ಒಂದು ಕಣಜದ ಗೂಡು ಬೇರೆ. ಎರಡು ವರ್ಷ ಬಾಕ್ಸ್ ಕಂಪನಿಯನ್ನು ಸುಮ್ನೆ ಬೈದೆ.

ಫಟಾಫಟ್ (ಹಾಸನ) | ಮೇ 14

ಇಷ್ಟೆಲ್ಲಾ ಯಾಕೆ? ಒಂದು ಡಬ್ಬ ಪಿಯು ಫೋಮ್ (ಉಬ್ಬಿ ಗಟ್ಟಿಯಾಗುವ ನೊರೆ) ತಂದು ಪೈಪಿನ ಬಾಯಿಗೆ, ಪ್ಯಾನೆಲ್ ತೂತಿಗೆ ಹೊಡೆಯಿರಿ. ಹತ್ತು ನಿಮಿಷದ ಕೆಲಸ. ನಮ್ಮ ಕೋಳಿ ಫಾರಂನಲ್ಲಿ ಹಾಗೇ ಮಾಡಿದ್ದೇನೆ.

ಬಸ್‌ಬಾರ್ (ಹಾಸನ) | ಮೇ 14

ಫಟಾಫಟ್ ಅವರೇ, ಮುಂದಿನ ಸಲ ಒಂದು ವೈರ್ ಬದಲಿಸಬೇಕಾದಾಗ ಆ ಫೋಮನ್ನು ಚಾಕುವಿನಲ್ಲಿ ಕೆರೆಯುವವನು ನಾನೇ. ಸಾಮಾನ್ಯ ಫೋಮ್ ಬೆಂಕಿಗೆ ಚೆನ್ನಾಗಿ ಉರಿಯುತ್ತದೆ, ಇಲಿಗೆ ಅದು ತಡೆಯೇ ಅಲ್ಲ. ಬಿಸಿಲಿಗೆ ಬಿಟ್ಟರೆ ಹಳದಿಯಾಗಿ ಪುಡಿಪುಡಿ ಆಗುತ್ತದೆ. ಕೇಬಲನ್ನು ಅದು ಹಿಡಿದಿಡುವುದೂ ಇಲ್ಲ. ಹೊರಗಿನಿಂದ ಯಾರಾದರೂ ಎಡವಿ ಎಳೆದರೆ ಎಳೆತವೆಲ್ಲ ಟರ್ಮಿನಲ್ ಸ್ಕ್ರೂ ಮೇಲೆ ಬೀಳುತ್ತದೆ. ಗ್ಲ್ಯಾಂಡ್‌ಗೆ ಎರಡು ಕೆಲಸ: ನೀರು, ಧೂಳು ತಡೆಯುವುದು ಮತ್ತು ಕೇಬಲನ್ನು ಕಚ್ಚಿ ಹಿಡಿಯುವುದು. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ.

ಸಿಲಿಕೋನ್ ಹಚ್ಚುವವರಿಗೂ ಒಂದು ಮಾತು. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಮುಚ್ಚಿದ ಬಾಕ್ಸಿನಲ್ಲಿ ಅದು ತಾಮ್ರವನ್ನು ತಿನ್ನುತ್ತದೆ. ಹಚ್ಚಲೇಬೇಕು ಅಂದರೆ ನ್ಯೂಟ್ರಲ್ ಅಂತ ಬರೆದಿರುವುದನ್ನು ತನ್ನಿ.

ಈಗ ಹಳ್ಳದಬದಿಯವರ ಅಳತೆಗೆ ಬರೋಣ.

11 ಮಿ.ಮೀ. ಪಲ್ಪರ್ ಕೇಬಲ್‌ಗೆ ಎಂ20 (ಥ್ರೆಡ್ 20 ಮಿ.ಮೀ. ಇರುವ) ನೈಲಾನ್ ಗ್ಲ್ಯಾಂಡ್. ಎಂ20 ಸಾಮಾನ್ಯವಾಗಿ 6ರಿಂದ 12 ಮಿ.ಮೀ. ಕೇಬಲ್ ಹಿಡಿಯುತ್ತದೆ, ಕೆಲವು 10ರಿಂದ 14. ಪೊಟ್ಟಣದ ಮೇಲಿರುವ ಅಳತೆ ಓದಿಯೇ ತೆಗೆದುಕೊಳ್ಳಿ. ಕೇಬಲ್ ಅಳತೆ ಆ ರೇಂಜಿನ ಮಧ್ಯಕ್ಕೆ ಬಿದ್ದರೆ ಒಳ್ಳೆಯದು. ಅಂಚಿಗೆ ಬಿದ್ದರೆ ಒಂದೋ ರಬ್ಬರ್ ಪೂರ್ತಿ ಅದುಮುವುದಿಲ್ಲ, ಇಲ್ಲವೇ ಕೇಬಲ್ ತೂರಿಸುವಷ್ಟರಲ್ಲಿ ಕೈ ಸೋಲುತ್ತದೆ. ಹಾಗಾಗಿ ನಿಮಗೆ 10-14ರದ್ದೇ ಸರಿ. ಸೆನ್ಸರ್‌ನ 6 ಮಿ.ಮೀ.ಗೆ ಎಂ16 ಸಾಕು. ಬಯಲಿಗೆ ಕಪ್ಪು ಬಣ್ಣದ್ದೇ ತನ್ನಿ, ಬಿಸಿಲಿಗೆ ಬೂದು ಬಣ್ಣದ್ದಕ್ಕಿಂತ ಜಾಸ್ತಿ ತಡೆಯುತ್ತದೆ.

ಮೇನ್ ಆರ್ಮರ್ಡ್ ಕೇಬಲ್‌ಗೆ ಹಿತ್ತಾಳೆಯ ಡಬಲ್ ಕಂಪ್ರೆಷನ್ ಗ್ಲ್ಯಾಂಡ್. ಸಿಂಗಲ್ ಕಂಪ್ರೆಷನ್ ಕಡಿಮೆಗೆ ಸಿಗುತ್ತದೆ, ಒಣಗಿದ ಒಳಾಂಗಣಕ್ಕೆ ಸಾಕಾಗುತ್ತದೆ. ಡಬಲ್‌ನಲ್ಲಿ ಒಳಗಿನ ಸಿಪ್ಪೆಗೊಂದು ಸೀಲ್, ಹೊರಗಿನ ಸಿಪ್ಪೆಗೊಂದು ಸೀಲ್, ನಡುವೆ ಆರ್ಮರ್ ಕಚ್ಚುವ ಕೋನ್ ಇರುತ್ತದೆ. ನಿಮ್ಮ ಜಾಗಕ್ಕೆ ಅದೇ ಬೇಕು.

ಚಪ್ಪಟೆ ಕೇಬಲ್‌ದೇ ನಿಜವಾದ ತಲೆನೋವು. ದುಂಡನೆಯ ರಬ್ಬರ್ ಚಪ್ಪಟೆ ಕೇಬಲನ್ನು ಎಷ್ಟು ಬಿಗಿದರೂ ಎರಡು ಪಕ್ಕದಲ್ಲಿ ಸಂದು ಬಿಡುತ್ತದೆ. ಎರಡು ಚಪ್ಪಟೆ ಕೇಬಲ್ ಜೋಡಿಸಿ ಒಂದೇ ದೊಡ್ಡ ಗ್ಲ್ಯಾಂಡಿಗೆ ತುರುಕುವುದನ್ನೂ ನೋಡಿದ್ದೇನೆ. ಅದು ಸೀಲ್ ಅಲ್ಲ, ಅಲಂಕಾರ. ಚಪ್ಪಟೆ ಸೀಳು ಇರುವ ರಬ್ಬರ್ ಇನ್ಸರ್ಟ್‌ಗಳು ಬರುತ್ತವೆ, ಆದರೆ ಅಳತೆ ಹೊಂದಬೇಕು, ಹಾಸನದ ಅಂಗಡಿಗಳಲ್ಲಿ ಆರ್ಡರ್ ಕೊಟ್ಟೇ ತರಿಸಬೇಕು. ಇಲ್ಲದಿದ್ದರೆ ಪ್ಯಾನೆಲ್ ಕೆಳಗೆ ಒಂದು ಜಂಕ್ಷನ್ ಬಾಕ್ಸ್ ಇಡಿ. ಚಪ್ಪಟೆ ಕೇಬಲ್ ಅಲ್ಲಿಗೆ ಕೆಳಗಿನಿಂದ ಬಂದು ಟರ್ಮಿನಲ್‌ನಲ್ಲಿ ಮುಗಿಯಲಿ. ಅಲ್ಲಿಂದ ದುಂಡನೆಯ ಕೇಬಲ್ ಪ್ಯಾನೆಲ್‌ಗೆ ಹೋಗಲಿ. ಜಂಕ್ಷನ್ ಬಾಕ್ಸಿಗೆ ಒಂದಿಷ್ಟು ತೇವ ಬಂದರೂ ಅಲ್ಲಿ ಹಾಳಾಗುವುದು ಟರ್ಮಿನಲ್ ಮಾತ್ರ, ಕಾಂಟ್ಯಾಕ್ಟರ್ ಅಲ್ಲ.

ಕ್ಯೂರಿಂಗ್‌ಅಕ್ಕ (ಚಿಕ್ಕಮಗಳೂರು) | ಮೇ 15

ಫ್ರೇಮ್ ಬಗ್ಗೆ ಕೇಳಿದ್ದರಲ್ಲ, ನಾನು ಹೇಳುತ್ತೇನೆ. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಶತ್ರು ನೀರಲ್ಲ, ಹೊಟ್ಟು. ಪಾರ್ಚ್‌ಮೆಂಟ್ (ಕಾಫಿ ಬೀಜದ ಮೇಲಿನ ಒಣ ಸಿಪ್ಪೆ) ಸುಲಿಯುವ ಕಡೆ ಹಾರುವ ಆ ಬೆಳ್ಳನೆ ಪುಡಿ ಎಲ್ಲಿ ಬೇಕಾದರೂ ನುಗ್ಗುತ್ತದೆ.

ಬಣ್ಣ ನೋಡಿ ಬೀಜ ಬೇರ್ಪಡಿಸುವ ನಮ್ಮ ಕಲರ್ ಸಾರ್ಟರ್ ಮೆಷಿನ್‌ನ ಕೇಬಲ್‌ಗಳಿಗೆ ಕಾರ್ಖಾನೆಯಲ್ಲೇ ಪ್ಲಗ್ ಅಚ್ಚು ಹಾಕಿ ಕಳಿಸಿದ್ದಾರೆ. ಅಂಥ ಕೇಬಲನ್ನು ಗ್ಲ್ಯಾಂಡಿನಲ್ಲಿ ತೂರಿಸಬೇಕಾದರೆ ಪ್ಲಗ್ ಕತ್ತರಿಸಬೇಕು. ಕತ್ತರಿಸಿದರೆ ವಾರಂಟಿ ಹೋಯಿತು. ಮತ್ತೆ ಜೋಡಿಸುವಾಗ ಸಿಗ್ನಲ್ ವೈರ್ ಅದಲುಬದಲಾದರೆ ಒಂದು ದಿನ ಹೋಯಿತು. ಹಿಂದೆ ಇದ್ದವರು ಹಾಗೆ ಕತ್ತರಿಸಿ ಟೇಪ್ ಸುತ್ತಿದ್ದರು. ತಿಂಗಳಿಗೊಮ್ಮೆ ಮೆಷಿನ್ ಸುಮ್ಮನೆ ನಿಂತುಬಿಡುತ್ತಿತ್ತು. ಆ ಜೋಡಣೆಯೇ ಕಾರಣ ಅಂತ ಕಂಡುಹಿಡಿಯಲು ನನಗೆ ಒಂದು ಸೀಸನ್ ಬೇಕಾಯಿತು.

ಆಮೇಲೆ ಎರಡು ಹೋಳಾಗುವ ಫ್ರೇಮ್ ತರಿಸಿದೆವು. ಗೋಡೆಯಲ್ಲಿ ಆಯತಾಕಾರದ ಒಂದು ಕಿಂಡಿ, ಅದರಲ್ಲಿ ಪ್ಲಗ್ ಸಮೇತ ಕೇಬಲ್ ಒಳಗೆ ಹೋಗುತ್ತದೆ. ಪ್ರತಿ ಕೇಬಲ್‌ಗೂ ಅದರ ಅಳತೆಯ ಸೀಳಿದ ರಬ್ಬರ್ ಗ್ರೊಮೆಟ್ ತೊಡಿಸಿ, ಸಾಲಾಗಿ ಫ್ರೇಮಿನಲ್ಲಿ ಕೂರಿಸಿ, ಸ್ಕ್ರೂ ಬಿಗಿದರೆ ಎಲ್ಲಾ ಒಟ್ಟಿಗೆ ಅದುಮಿಕೊಳ್ಳುತ್ತವೆ. ಹತ್ತು ಕೇಬಲ್‌ಗೆ ಹತ್ತು ತೂತಿನ ಬದಲು ಒಂದೇ ಕಿಂಡಿ. ನಾಳೆ ಒಂದು ಕೇಬಲ್ ಬದಲಿಸಬೇಕಾದರೆ ಅದರ ಗ್ರೊಮೆಟ್ ಮಾತ್ರ ತೆಗೆಯುವುದು. ಖಾಲಿ ಜಾಗಕ್ಕೆ ತೂತಿಲ್ಲದ ಗ್ರೊಮೆಟ್ ಹಾಕಿಡುತ್ತೇವೆ.

ಆದರೆ ನಿಮಗೆ ಬೇಡ ಅಂತ ನನ್ನ ಅಭಿಪ್ರಾಯ. ಈ ಸೀಳಿನ ಫ್ರೇಮ್‌ಗಳಲ್ಲಿ ಹೆಚ್ಚಿನವು ಐಪಿ 54ರವು, ಅಂದರೆ ನೀರಿನ ಸಿಂಚನದ ಮಟ್ಟ. 65, 66 ಇರುವವೂ ಇವೆ, ಆದರೆ ಪ್ರತಿ ಗ್ರೊಮೆಟ್ ಅಳತೆ ಕರಾರುವಾಕ್ಕಾಗಿ ಇರಬೇಕು. ಐದು ಕೇಬಲ್‌ಗೆ, ಅದೂ ಹಳ್ಳದ ಬದಿಯಲ್ಲಿ, ಗ್ಲ್ಯಾಂಡೇ ಲೇಸು.

ಬಸ್‌ಬಾರ್ (ಹಾಸನ) | ಮೇ 15

ಅಕ್ಕ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಚುಚ್ಚಿ ತೂರಿಸುವ ಮೆಂಬ್ರೇನ್ ಪ್ಲೇಟ್ ಅಂತಲೂ ಬರುತ್ತದೆ. ರಬ್ಬರ್ ಪರದೆಯ ಪ್ಲೇಟು, ಕೇಬಲನ್ನೇ ಚುಚ್ಚಿದರೆ ಸುತ್ತ ಅಪ್ಪಿಕೊಳ್ಳುತ್ತದೆ. ಸಣ್ಣ ಸಣ್ಣ ಕಂಟ್ರೋಲ್ ಕೇಬಲ್ ಇಪ್ಪತ್ತು ಮೂವತ್ತು ಇದ್ದಾಗ ಕೆಲಸ ಬಹಳ ಬೇಗ ಮುಗಿಯುತ್ತದೆ. ಆದರೆ ಅದು ಗ್ಲ್ಯಾಂಡಿನಷ್ಟು ಕೇಬಲನ್ನು ಕಚ್ಚುವುದಿಲ್ಲ, ಒಳಗೆ ಬೇರೆ ಕ್ಲಾಂಪ್ ಹಾಕಬೇಕು.

ಬರೀ ರಬ್ಬರ್ ಗ್ರೊಮೆಟ್ ಅಂದರೆ ವೈರ್ ಸಿಪ್ಪೆ ತಗಡಿಗೆ ಉಜ್ಜದಿರಲಿ ಅಂತ. ಮನೆಯೊಳಗಿನ ಬೋರ್ಡಿಗೆ ಆಯಿತು, ನಿಮ್ಮ ಮಳೆಗಲ್ಲ.

ಹಳ್ಳದಬದಿ (ಮೂಡಿಗೆರೆ) | ಮೇ 19

ಗ್ಲ್ಯಾಂಡ್ ತಂದೆ. ಎಡವಟ್ಟಾಯಿತು.

ಅಂಗಡಿಯಲ್ಲಿ ಎಂ20 ಕೇಳಿದೆ. ಇದೇ ಅಂತ ಕೊಟ್ಟರು. ಹುಡುಗ 20.5ರ ತೂತು ಕೊರೆದ. ಎಂ20 ಲಾಕ್‌ನಟ್ ಒಂದು ಡಬ್ಬಿ ನನ್ನ ಹತ್ತಿರ ಮೊದಲೇ ಇತ್ತು. ಹಾಕಲು ಹೋದರೆ ಒಂದೇ ಸುತ್ತಿಗೆ ಕಚ್ಚಿ ನಿಲ್ಲುತ್ತದೆ. ಮುಂದೆ ತಿರುಗಿಸಿದರೆ ಥ್ರೆಡ್ ಹೋಗುತ್ತದೆ. ನೋಡಲು ಎರಡೂ ಒಂದೇ. ಏನಿದು?

ಬಸ್‌ಬಾರ್ (ಹಾಸನ) | ಮೇ 19

ನಗಬಾರದು, ಆದರೂ ನಗು ಬಂತು. ನಿಮಗೆ ಕೊಟ್ಟಿದ್ದು ಪಿಜಿ 13.5. ಪೊಟ್ಟಣ ತಿರುಗಿಸಿ ನೋಡಿ.

ಪಿಜಿ ಅಂದರೆ ಜರ್ಮನ್ನರ ಹಳೇ ಕಾಂಡ್ಯೂಟ್ ಥ್ರೆಡ್. ಯುರೋಪಿನಲ್ಲಿ 2000ದ ಆಸುಪಾಸಿನಲ್ಲೇ ಅದನ್ನು ಬಿಟ್ಟು ಮೆಟ್ರಿಕ್‌ಗೆ ಬಂದರು. ನಮ್ಮ ಅಂಗಡಿಗಳಲ್ಲಿ ಇವತ್ತಿಗೂ ಎರಡೂ ಒಂದೇ ಕಪಾಟಿನಲ್ಲಿ ಪಕ್ಕಪಕ್ಕ ಕೂತಿರುತ್ತವೆ. ಎಂ20 ಅಂದರೆ ಥ್ರೆಡ್‌ನ ಹೊರ ಅಳತೆ 20 ಮಿ.ಮೀ., ನೇರ ಲೆಕ್ಕ. ಪಿಜಿ 13.5 ಅಂದರೆ ಹೊರ ಅಳತೆ 13.5 ಅಲ್ಲವೇ ಅಲ್ಲ, 20.4. ಬರೀ 0.4 ಮಿ.ಮೀ. ವ್ಯತ್ಯಾಸ, ಕಣ್ಣಿಗೆ ಕಾಣಲ್ಲ. ಥ್ರೆಡ್ ಅಂತರವೂ ಬೇರೆ. ಎಂ20 ನಟ್ ಪಿಜಿ ಮೇಲೆ ಕಚ್ಚಿಕೊಳ್ಳುತ್ತದೆ, ಪಿಜಿ ನಟ್ ಎಂ20 ಮೇಲೆ ಲೊಡಲೊಡ ಅನ್ನುತ್ತದೆ. ಎರಡನೆಯದು ಹೆಚ್ಚು ಅಪಾಯ, ಯಾಕೆಂದರೆ ಕೂತ ಹಾಗೆ ಕಾಣಿಸುತ್ತದೆ. ನಂಬರ್ ನೋಡಿ ದಪ್ಪ ಊಹಿಸಲೂ ಬೇಡಿ. ಪಿಜಿ 16ರ ಹೊರ ಅಳತೆ 22.5, ಪಿಜಿ 21ರದ್ದು 28.3.

ನೀವು ಕೊರೆದ 20.5ರ ತೂತು ಎಂ20ಗೆ ಸರಿಯಾಗಿದೆ. ಗ್ಲ್ಯಾಂಡ್ ಬದಲಿಸಿಕೊಂಡು ಬನ್ನಿ. ಹೋಗುವಾಗ ಎಂ20 ನಟ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ತಿರುಗಿಸಿ ನೋಡಿ.

ಘಾಟಿವೈರ್ (ಸಕಲೇಶಪುರ) | ಮೇ 19

ಪ್ಲೇಟನ್ನು ಬಿಚ್ಚಿ ಹೊರಗೆ ತಂದು ಕೊರೆದಿರಿ ತಾನೇ? ಬಾಕ್ಸಿನಲ್ಲೇ ಇಟ್ಟು ಕೊರೆದರೆ ಕಬ್ಬಿಣದ ಚೂರು ಕಾಂಟ್ಯಾಕ್ಟರ್ ಒಳಗೆ ಹಾರುತ್ತದೆ. ಕೊರೆದ ಅಂಚನ್ನು ಅರದಲ್ಲಿ ಉಜ್ಜಿ, ಸ್ವಲ್ಪ ಪೇಂಟ್ ಹಚ್ಚಿ. ಇಲ್ಲದಿದ್ದರೆ ಮುಂದಿನ ಆರಿದ್ರೆ ಮಳೆಗೆ ತೂತಿನ ಸುತ್ತ ತುಕ್ಕು ಎದ್ದು ವಾಷರ್ ಕೆಳಗಿನಿಂದಲೇ ನೀರು ಬರುತ್ತದೆ. ವಾಷರ್ ಹೊರಗಡೆಗೆ, ನಟ್ ಒಳಗಡೆಗೆ. ಉಲ್ಟಾ ಹಾಕಿದವರನ್ನೂ ನೋಡಿದ್ದೇನೆ.

ಮೇಲಿನ ಹಳೇ ತೂತು ನೆನಪಿದೆಯಾ? ಅದಕ್ಕೆ ಟೇಪ್ ಅಂಟಿಸಬೇಡಿ. ಥ್ರೆಡ್ ಇರುವ ಡಮ್ಮಿ ಪ್ಲಗ್ ಸಿಗುತ್ತದೆ, ವಾಷರ್ ಸಮೇತ ಬಿಗಿಯಿರಿ.

ಕ್ಯೂರಿಂಗ್‌ಅಕ್ಕ (ಚಿಕ್ಕಮಗಳೂರು) | ಮೇ 20

ಹಿತ್ತಾಳೆ ಗ್ಲ್ಯಾಂಡ್ ಹಾಕುವಾಗ ಅರ್ತಿಂಗ್ ಮರೆಯಬೇಡಿ ಸಾರ್. ಆರ್ಮರ್ ಗ್ಲ್ಯಾಂಡಿಗೆ ಕಚ್ಚಿದೆ, ಗ್ಲ್ಯಾಂಡ್ ಬಾಕ್ಸಿಗೆ ಕಚ್ಚಿದೆ, ಆದ್ದರಿಂದ ಅರ್ತ್ ಆಯಿತು ಅಂತ ಅಂದುಕೊಳ್ಳುತ್ತೇವೆ. ಬಾಕ್ಸಿಗೆ ಪೌಡರ್ ಕೋಟಿಂಗ್ ಇದೆ, ಅದು ಕರೆಂಟ್ ಬಿಡುವುದಿಲ್ಲ. ಗ್ಲ್ಯಾಂಡ್ ಜೊತೆ ಅರ್ತ್ ಟ್ಯಾಗ್ ಹಾಕಿ, ಅದರಿಂದ ಒಂದು ವೈರ್ ಎಳೆದು ಅರ್ತ್ ಬಾರ್‌ಗೆ ಲಗ್ ಒತ್ತಿ ಬಿಗಿಯಿರಿ. ಪ್ಲಾಸ್ಟಿಕ್ ಬಾಕ್ಸ್ ಆದರಂತೂ ಇದಿಲ್ಲದೆ ಆರ್ಮರ್ ಗಾಳಿಯಲ್ಲೇ ನೇತಾಡುತ್ತಿರುತ್ತದೆ.

ಇನ್ನೊಂದು, ನಿಮಗೆ ಬೇಕಿಲ್ಲ, ಬೇರೆಯವರಿಗೆ ಬೇಕಾಗಬಹುದು. ನಮ್ಮ ಮೇನ್ ಪ್ಯಾನೆಲ್‌ಗೆ ಸಿಂಗಲ್ ಕೋರ್ ದಪ್ಪ ಕೇಬಲ್‌ಗಳು ಬರುತ್ತಿದ್ದವು, ಒಂದೊಂದು ಫೇಸಿಗೆ ಒಂದೊಂದು. ಕಬ್ಬಿಣದ ಪ್ಲೇಟಿನಲ್ಲಿ ಮೂರು ಬೇರೆ ಬೇರೆ ತೂತು. ಲೋಡ್ ಬಂದಾಗ ಪ್ಲೇಟ್ ಕೈ ಇಡಲಾಗದಷ್ಟು ಕಾಯುತ್ತಿತ್ತು. ಟರ್ಮಿನಲ್ ಲೂಸ್ ಅಂತ ಎಲ್ಲಾ ಬಿಗಿದು ಬಿಗಿದು ಸಾಕಾಯಿತು. ಕಾರಣ ಬೇರೆ. ಒಂಟಿ ಫೇಸಿನ ಸುತ್ತ ಕಬ್ಬಿಣದ ಉಂಗುರ ಇದ್ದ ಹಾಗಾಗಿ ಆ ಕಬ್ಬಿಣದಲ್ಲೇ ಸುಳಿಕರೆಂಟ್ ಹುಟ್ಟಿ ಬಿಸಿಯಾಗುತ್ತಿತ್ತು. ಅಲ್ಯೂಮಿನಿಯಂ ಪ್ಲೇಟ್ ಹಾಕಿದ ಮೇಲೆ ತಣ್ಣಗಾಯಿತು. ಮೂರೂ ಫೇಸ್ ಒಂದೇ ಕೇಬಲ್‌ನಲ್ಲಿ ಇದ್ದರೆ ಈ ತೊಂದರೆ ಇಲ್ಲ.

ಪಾಠಮೇಷ್ಟ್ರು (ಹಾಸನ) | ಮೇ 21

ಎಲ್ಲರೂ ಮಳೆನೀರಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವವನು, ಒಂದು ಅನುಮಾನ ಎತ್ತುತ್ತೇನೆ. ಪೈಪ್ ತೆಗೆದು ಎಲ್ಲಾ ಸೀಲ್ ಮಾಡಿದರೂ ನವೆಂಬರ್‌ಗೆ ಒಳಗೆ ತೇವ ಇರುತ್ತದೆ.

ಬಾಕ್ಸ್ ಉಸಿರಾಡುತ್ತದೆ. ಮಧ್ಯಾಹ್ನ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ, ಸಣ್ಣ ಸಂದಿನಿಂದ ಹೊರಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮಲೆನಾಡಿನ ಜುಲೈ ಗಾಳಿ ಅಂದರೆ ಅರ್ಧ ನೀರೇ. ಅದು ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ. ಹನಿಯಾಗಿದ್ದು ಹೊರಗೆ ಹೋಗಲು ದಾರಿ ಇಲ್ಲ. ಪ್ರತಿ ರಾತ್ರಿ ಒಂದಿಷ್ಟು ಸೇರುತ್ತಾ ಹೋಗುತ್ತದೆ. ಚೆನ್ನಾಗಿ ಸೀಲ್ ಆದ ಬಾಕ್ಸ್ ನೀರನ್ನು ಒಳಗೆ ಬಿಡುವುದಿಲ್ಲ, ಬಂದಿದ್ದನ್ನು ಹೊರಗೂ ಬಿಡುವುದಿಲ್ಲ.

ಘಾಟಿವೈರ್ (ಸಕಲೇಶಪುರ) | ಮೇ 21

ಅದಕ್ಕೇ ನಾವು ಕೆಳಗೆ ಒಂದು ಸಣ್ಣ ತೂತು ಬಿಡುವುದು ಮೇಷ್ಟ್ರೇ. 5 ಮಿ.ಮೀ. ಸಾಕು.

ಪಾಠಮೇಷ್ಟ್ರು (ಹಾಸನ) | ಮೇ 21

ತೂತು ಬಿಟ್ಟರೆ ಮೊದಲ ಅಂಕಿ 6 ಹೋಯಿತಲ್ಲ. ಇರುವೆ, ಹುಳ ಎಲ್ಲಾ ಒಳಗೆ. ಒಳಗೆ ಸಣ್ಣ ಸ್ಪೇಸ್ ಹೀಟರ್ ಹಾಕಿ ಥರ್ಮೋಸ್ಟ್ಯಾಟ್ ಕೊಟ್ಟರೆ ಒಳಗೆ ಸದಾ ಹೊರಗಿಗಿಂತ ಒಂದಿಷ್ಟು ಬೆಚ್ಚಗಿರುತ್ತದೆ, ಹನಿಯೇ ಆಗುವುದಿಲ್ಲ.

ಘಾಟಿವೈರ್ (ಸಕಲೇಶಪುರ) | ಮೇ 21

ಹೀಟರ್‌ಗೆ ಕರೆಂಟ್ ಬೇಕಲ್ಲ! ಆ ಕಡೆ ಮರ ಬಿದ್ದು ಲೈನ್ ಹೋದರೆ ಮೆಸ್ಕಾಂನವರು ಬಂದು ಸರಿ ಮಾಡುವಷ್ಟರಲ್ಲಿ ವಾರ ಆಗುವುದೂ ಉಂಟು. ಸಾಲದ್ದಕ್ಕೆ ಹಳ್ಳದಬದಿಯವರು ಮಳೆಗಾಲಕ್ಕೆ ಮೇನ್ ಆಫ್ ಮಾಡಿ ಬೀಗ ಹಾಕುವವರು. ಸರಿಯಾಗಿ ಬೇಕಾದ ಹೊತ್ತಿಗೆ ಹೀಟರ್ ತಣ್ಣಗೆ ಕೂತಿರುತ್ತದೆ.

ಬಸ್‌ಬಾರ್ (ಹಾಸನ) | ಮೇ 22

ಇಬ್ಬರ ಮಾತಿಗೂ ನಡುವೆ ಒಂದು ಸಾಮಾನಿದೆ. ಬ್ರೀದರ್ ಡ್ರೈನ್ ಪ್ಲಗ್. ಗ್ಲ್ಯಾಂಡಿನ ಹಾಗೇ ಥ್ರೆಡ್ ಇರುತ್ತದೆ, ತಳದ ಪ್ಲೇಟಿನಲ್ಲಿ ಎಲ್ಲಕ್ಕಿಂತ ತಗ್ಗಾದ ಜಾಗಕ್ಕೆ ಹಾಕುವುದು. ಒಳಗಿನ ನೀರು ಹೊರಗೆ ಸೋರುತ್ತದೆ, ಗಾಳಿ ಓಡಾಡುತ್ತದೆ, ಹೊರಗಿನ ನೀರು ಮತ್ತು ಹುಳ ಒಳಗೆ ಬರುವುದಿಲ್ಲ. ಇದರಲ್ಲೂ ಐಪಿ ನಂಬರ್ ನೋಡಿಯೇ ತರಬೇಕು. ಬಾಕ್ಸ್ 65, ಪ್ಲಗ್ 54 ಆದರೆ ಪೂರ್ತಿ ಪ್ಯಾನೆಲ್ 54 ಅಂತಲೇ ಲೆಕ್ಕ.

ಘಾಟಿವೈರ್ ಅಣ್ಣನ 5 ಮಿ.ಮೀ. ತೂತಿಗೆ ನಾನು ಪೂರ್ತಿ ವಿರೋಧ ಅಲ್ಲ. ಸೂರಿನ ಕೆಳಗಿರುವ ಪ್ಯಾನೆಲ್, ತಳದಲ್ಲಿ ತೂತು, ಒಳಗಿನಿಂದ ಸಣ್ಣ ಜಾಲರಿ ಅಂಟಿಸಿದ್ದರೆ ನಾನೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಸರ್ಟಿಫಿಕೇಟ್ ಕೇಳುವ ಕಡೆ ಮಾತ್ರ ಆಗುವುದಿಲ್ಲ.

ಫಟಾಫಟ್ (ಹಾಸನ) | ಮೇ 22

ಹಾಗಾದರೆ ಐಪಿ 67 ತಂದುಬಿಟ್ಟರೆ? ದೊಡ್ಡ ನಂಬರ್, ಎಲ್ಲಾ ತಡೆಯುತ್ತೆ ಅಲ್ವಾ?

ಬಸ್‌ಬಾರ್ (ಹಾಸನ) | ಮೇ 22

ಇಲ್ಲ. ಎರಡನೇ ಅಂಕಿ 7ರ ಪರೀಕ್ಷೆ ಅಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸುವುದು. ಪೈಪಿನಿಂದ ಜೋರಾಗಿ ಹೊಡೆಯುವ ಪರೀಕ್ಷೆ ಬೇರೆಯೇ. 6ರವರೆಗೆ ಮೇಲಿನ ನಂಬರ್ ಕೆಳಗಿನದನ್ನೂ ಒಳಗೊಳ್ಳುತ್ತದೆ, 7ರಿಂದ ಆ ಲೆಕ್ಕ ಇಲ್ಲ. ಎರಡೂ ಪಾಸಾಗಿದ್ದರೆ 66/67 ಅಂತ ಎರಡೂ ಬರೆದಿರುತ್ತಾರೆ. ಇನ್ನು ಕೋಳಿ ಫಾರಂ ಫೋಮ್ ಏನಾಯಿತು ಅಂತ ಒಮ್ಮೆ ಫೋಟೋ ಹಾಕಿ.

ಫಟಾಫಟ್ (ಹಾಸನ) | ಮೇ 24

ಇಲಿ ತಿಂದಿದೆ. ಫೋಟೋ ಹಾಕಲ್ಲ.

ಹಳ್ಳದಬದಿ (ಮೂಡಿಗೆರೆ) | ಜೂನ್ 2

ಕೆಲಸ ಮುಗಿಯಿತು. ಲೈಸೆನ್ಸ್ ಇರುವ ಕಾಂಟ್ರಾಕ್ಟರ್‌ನ ಕರೆಸಿ, ಕಂಬದಲ್ಲೇ ಲೈನ್ ತೆಗೆಸಿ ಮಾಡಿಸಿದೆ. ಮೀಟರ್ ಕಡೆ ನಾವ್ಯಾರೂ ಕೈ ಹಾಕಲಿಲ್ಲ.

ಮೇಲಿನ ಪೈಪ್ ಎಲ್ಲಾ ಕಿತ್ತೆವು, ಡಮ್ಮಿ ಪ್ಲಗ್ ಹಾಕಿದೆವು. ಐದೂ ಕೆಳಗಿನಿಂದಲೇ. ಎಡಕ್ಕೆ ಪವರ್ ಕೇಬಲ್, ಬಲ ಮೂಲೆಗೆ ಸೆನ್ಸರ್ ವೈರ್. ಮುಂದಕ್ಕೆ ಬೇಕಾಗಬಹುದು ಅಂತ ಎರಡು ತೂತು ಹೆಚ್ಚಿಗೆ ಕೊರೆದು ಪ್ಲಗ್ ಹಾಕಿಟ್ಟಿದ್ದೇನೆ. ಬೋರ್‌ವೆಲ್ ಕೇಬಲ್‌ಗೆ ಜಂಕ್ಷನ್ ಬಾಕ್ಸ್ ಇಟ್ಟೆ. ಆರು ವೈರ್, ಆರಕ್ಕೂ ಎರಡು ತುದಿಯಲ್ಲಿ ನಂಬರ್ ಹಾಕಿಸಿದೆ. ಸ್ಟಾರ್ ಡೆಲ್ಟಾದಲ್ಲಿ ಒಂದು ತಪ್ಪಿದರೂ ಮೋಟಾರ್ ಸುಟ್ಟೀತು ಅಂತ ಹೆದರಿಕೆ. ಡ್ರೈನ್ ಪ್ಲಗ್ ಚಿಕ್ಕಮಗಳೂರಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ತರಿಸಿದೆ. ಮೇಷ್ಟ್ರು ಬೇಜಾರು ಮಾಡಿಕೊಳ್ಳಬಾರದು, ಹೀಟರ್ ಹಾಕಲಿಲ್ಲ.

ಹಳ್ಳದಬದಿ (ಮೂಡಿಗೆರೆ) | ಆಗಸ್ಟ್ 4

ಪುಷ್ಯ ಮಳೆ ಮುಗಿಯಿತು. ಒಂಬತ್ತು ದಿನ ಕರೆಂಟ್ ಇರಲಿಲ್ಲ. ನಿನ್ನೆ ಸ್ವಲ್ಪ ಹೊಳವಾಯಿತು, ಹೋಗಿ ಬಾಗಿಲು ತೆಗೆದೆ.

ತಳದಲ್ಲಿ ನೀರಿಲ್ಲ. ಕಾಂಟ್ಯಾಕ್ಟರ್ ಒಣಗಿದೆ, ಬೆರಳಲ್ಲಿ ಒತ್ತಿದರೆ ಟಕ್ ಅಂತ ಆಡುತ್ತದೆ. ಬಾಗಿಲಿನ ಒಳಮೈ ಮಾತ್ರ ಮಸುಕಾಗಿ ಬೆವರಿದೆ. ಮೇಷ್ಟ್ರು ಹೇಳಿದ್ದು ಸುಳ್ಳಲ್ಲ. ಬಟ್ಟೆಯಲ್ಲಿ ಒರೆಸಿದೆ. ಸೆನ್ಸರ್ ಗ್ಲ್ಯಾಂಡ್ ಬುಡದಲ್ಲಿ ಒಂದೇ ಒಂದು ಹನಿ ಇತ್ತು. ಕ್ಯಾಪ್ ಅರ್ಧ ಸುತ್ತು ಸಡಿಲ ಇತ್ತು, ಬಿಗಿದೆ. ಜಂಕ್ಷನ್ ಬಾಕ್ಸಿನಲ್ಲಿ ಚಗಳಿ ಇರುವೆ ಮನೆ ಮಾಡಿವೆ. ಚಪ್ಪಟೆ ಕೇಬಲ್ ಪಕ್ಕದ ಸಂದಿನಿಂದಲೇ ನುಗ್ಗಿವೆ.

ಪಾಠಮೇಷ್ಟ್ರು (ಹಾಸನ) | ಆಗಸ್ಟ್ 4

ಆ ಬೆವರು ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ನೋಡಿ ತಿಳಿಸಿ. ಬೇಜಾರೇನಿಲ್ಲ.

ಘಾಟಿವೈರ್ (ಸಕಲೇಶಪುರ) | ಆಗಸ್ಟ್ 5

ಇರುವೆ ಇದ್ದರೆ ಚಟ್ನಿ ಮಾಡಿ ಮಾರಾಯ್ರೆ. ಆಮೇಲೆ ಚಪ್ಪಟೆ ಇನ್ಸರ್ಟ್ ತರಿಸಿ ಹಾಕಿ. 16ಕ್ಕೆ 7ರ ಅಳತೆ ಬರೆದುಕೊಂಡೇ ಆರ್ಡರ್ ಕೊಡಿ.

ಹಳ್ಳದಬದಿ (ಮೂಡಿಗೆರೆ) | ಆಗಸ್ಟ್ 5

ಆರ್ಡರ್ ಕೊಟ್ಟಾಯಿತು ಅಣ್ಣಾ. ಅಂದ ಹಾಗೆ ಆ ಪಿಜಿ 13.5 ಗ್ಲ್ಯಾಂಡ್ ಆರು ಇವೆ, ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ನಟ್ ಸಮೇತ ಇದೆ. ಮೂಡಿಗೆರೆ ಕಡೆ ಬರುವವರು ಯಾರಿಗಾದರೂ ಬೇಕಿದ್ದರೆ ಹೇಳಿ, ಸುಮ್ಮನೆ ಕೊಡುತ್ತೇನೆ.